ನೂರಕ್ಕೆ ನಾಲ್ಕು ಬೈಕು ಕಮ್ಮಿ

ಹುಚ್ಚಣ್ಣನಿಗೆ ಇನ್ನೂ ಬರಬೇಕಾದ ಕೂಲಿ ಒಂಬತ್ತು ಸಾವಿರದ ಒಂಬೈನೂರು ರೂಪಾಯಿ. ದಿನಕ್ಕೆ ಒಂಬೈನೂರರಂತೆ ಹನ್ನೊಂದು ದಿನ. ಬೆಂಗಳೂರಿನಲ್ಲಿ ನಾಲ್ಕು ರಸ್ತೆ ಕೂಡುವ ಒಂದು ಜಾಗದ ಫುಟ್‌ಪಾತಿನ ಮೇಲೆ ಕೂತು, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ, ಒಂದು ರಸ್ತೆಯಿಂದ ಬರುವ ಬೈಕು ಸ್ಕೂಟರುಗಳನ್ನು ಎಣಿಸಿ ಬರೆಯುವ ಕೆಲಸ. ಅದು ಮುಗಿದು ಹದಿನಾಲ್ಕು ತಿಂಗಳಾಯಿತು. ಕೂಲಿ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ.

ಇಂಥದ್ದೊಂದು ಕೂಲಿ ಇದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ. ರಸ್ತೆಗೆ ಅಡ್ಡ ಕೂತು ಗಾಡಿ ನಿಲ್ಲಿಸುವುದು ಗೊತ್ತಿತ್ತು, ಅದನ್ನು ನಮ್ಮ ಸಂಘಟನೆಯವರು ಮೂವತ್ತು ವರ್ಷ ಮಾಡಿದ್ದೇವೆ. ನಿಂತ ಗಾಡಿ ಬಿಡಿಸುವವರು ಏನು ಮಾಡುತ್ತಾರೆ ಎಂದು ಯೋಚಿಸಿದವರಲ್ಲ. ಅವರು ಮೊದಲು ಎಣಿಸುತ್ತಾರಂತೆ. ಯಾವ ಸಿಗ್ನಲ್ಲಿಗೆ ಎಷ್ಟು ಸೆಕೆಂಡು ಹಸಿರು ದೀಪ, ಯಾವ ರಸ್ತೆ ಒನ್‌ವೇ, ಎಲ್ಲಿ ಮೇಲುಸೇತುವೆ ಎಂದು ತೀರ್ಮಾನಿಸಲು ಅವರಿಗೆ ಲೆಕ್ಕ ಬೇಕು. ಲೆಕ್ಕದ ಗುತ್ತಿಗೆ ಒಂದು ಕಂಪನಿಗೆ ಹೋಗುತ್ತದೆ. ಕಂಪನಿ ಇನ್ನೊಬ್ಬನಿಗೆ ಕೊಡುತ್ತದೆ, ಅವನು ಮತ್ತೊಬ್ಬನಿಗೆ. ಕೊನೆಗೆ ಸಿಮೆಂಟು ಚೀಲ ಹಾಸಿಕೊಂಡು ಹೊಗೆಯಲ್ಲಿ ಕೂರುವವನು ಹುಚ್ಚಣ್ಣ.

ಹುಚ್ಚಣ್ಣನ ಕಸುಬು ತೆಂಗಿನಕಾಯಿ ಎಣಿಸುವುದು. ಹಳೇಬೀಡಿನಿಂದ ಜಾವಗಲ್ಲಿಗೆ ಹೋಗುವ ದಾರಿಯಲ್ಲಿ ಅವನ ಕಾಲೋನಿ. ವಯಸ್ಸು ಐವತ್ತೆಂಟು, ಓದಿದ್ದು ನಾಲ್ಕನೇ ಕ್ಲಾಸು. ಅರಸೀಕೆರೆ ಕಡೆಯ ವ್ಯಾಪಾರಿಗಳು ತೋಟಕ್ಕೆ ಬಂದು ಕಾಯಿ ಕೊಳ್ಳುವಾಗ, ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಎಣಿಸಿ ಎಸೆಯುತ್ತಾನೆ. ಒಂದು ಕೈಗೆ ಎರಡು ಕಾಯಿ, ಎರಡೂ ಕೈ ಸೇರಿ ನಾಲ್ಕು. ನಾಲ್ಕು ಕಾಯಿಗೆ ಒಂದು ‘ಕೈ’ ಎಂದು ಲೆಕ್ಕ, ಇಪ್ಪತ್ತೈದು ಕೈಗೆ ನೂರು. ನೂರಾದ ಮೇಲೆ ಇನ್ನೊಂದು ಕೈಯನ್ನು ಲೆಕ್ಕಕ್ಕೆ ಹಿಡಿಯದೆ ಎಸೆಯಬೇಕು. ಅದು ಕೊಸರು, ವ್ಯಾಪಾರಿಗೆ ಬಿಟ್ಟಿ. ಬೆಳೆದವನು ನೂರು ಕಾಯಿಯ ದುಡ್ಡು ತಗೊಂಡು ನೂರ ನಾಲ್ಕು ಕಾಯಿ ಕೊಡುತ್ತಾನೆ. ಒಡಕು ಕೊಳಕಿಗೆ ಅಂತ ಕಾರಣ ಹೇಳುತ್ತಾರೆ. ಒಡಕು ಕೊಳಕನ್ನೆಲ್ಲ ಮೊದಲೇ ಆರಿಸಿ ಬಿಸಾಕಿರುತ್ತಾರೆ, ಆಮೇಲೂ ಕೊಸರು ಬೇಕು.

ಹತ್ತು ಸಾವಿರ ಕಾಯಿಯ ರಾಶಿಯನ್ನು ಹುಚ್ಚಣ್ಣ ಬೀಡಿಗೂ ಏಳದೆ ಎಣಿಸಿ ಮುಗಿಸುತ್ತಿದ್ದ. ಮಧ್ಯೆ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿದ್ದ, ಲೆಕ್ಕ ತಪ್ಪುತ್ತಿರಲಿಲ್ಲ. ಹಳೇಬೀಡಿನ ಹತ್ತಿರ ನಾನೂರು ಮರದ ತೋಟ ಇರುವ ಜಾನಕಮ್ಮ ಬಾಯಿಯಲ್ಲಿ ಬೆಂಕಿ ಇಟ್ಟುಕೊಂಡ ಹೆಂಗಸು. ಆಕೆ ವ್ಯಾಪಾರಿಗಳಿಗೆ ಹೇಳುತ್ತಿದ್ದುದು ಒಂದೇ ಮಾತು: “ಹುಚ್ಚಣ್ಣ ಬಂದ್ರೆ ರಾಶಿ ಮುಟ್ರಿ, ಇಲ್ಲಾಂದ್ರೆ ಬಂದ್ ದಾರೀಲೇ ಹೋಗ್ರಿ.” ಆ ಹೆಸರೇ ಅವನ ಅನ್ನ. ಅವನಿಗೆ ಬೇರೆ ಆಸ್ತಿ ಇಲ್ಲ.

ಆಮೇಲೆ ತೋಟಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಕಾಯಿಯನ್ನು ಎಣಿಸುವ ಬದಲು ತೂಗತೊಡಗಿದರು. ತಿಂಗಳಿಗೆ ಇಪ್ಪತ್ತು ದಿನ ಇದ್ದ ಕೆಲಸ ಏಳೆಂಟು ದಿನಕ್ಕೆ ಇಳಿಯಿತು. ಜಾನಕಮ್ಮನಂಥ ನಾಲ್ಕಾರು ಜನ ಮಾತ್ರ ತಕ್ಕಡಿ ನಂಬದೆ ಅವನನ್ನು ಕರೆಯುತ್ತಿದ್ದರು.

ಆ ಹೊತ್ತಿಗೆ ಬಂದವನು ಬೇಲೂರಿನ ಧರ್ಮೇಶ. ಜನ ಒದಗಿಸುವುದು ಅವನ ವ್ಯಾಪಾರ. ಅರೇಹಳ್ಳಿ ಕಡೆ ಕಾಫಿ ಕೀಳುವುದಕ್ಕೆ, ಮದುವೆಯಲ್ಲಿ ಬಡಿಸುವುದಕ್ಕೆ, ಚುನಾವಣೆಯಲ್ಲಿ ಬಾವುಟ ಹಿಡಿಯುವುದಕ್ಕೆ ಅವನೇ ಜನ ಕೊಡುವುದು. ನಮ್ಮ ಧರಣಿಗೂ ತಲೆಗೆ ಮುನ್ನೂರರಂತೆ ಜನ ಕೊಡುತ್ತೇನೆ ಎಂದು ಒಮ್ಮೆ ಬಂದಿದ್ದ. ಬೈದು ಕಳಿಸಿದ್ದೆವು.

“ಹುಚ್ಚಣ್ಣೋ, ಬೆಂಗ್ಳೂರ್ನಾಗೆ ಎಣ್ಸೋ ಕೆಲ್ಸ ಐತೆ. ಬತ್ತೀಯಾ?”

“ಏನ್ಲಾ ಎಣ್ಸದು ಅಲ್ಲಿ, ಕಾಯಾ?”

“ಗಾಡಿ ಕಣಣ್ಣ. ಬೈಕು.”

“ಅವು ನಿಂತಿರ್ತವಾ, ಓಡ್ತಿರ್ತವಾ?”

“ಬೆಂಗ್ಳೂರ್ನಾಗೆ ಎರಡೂ ಒಂದೇ, ಬಾ.”

ಹೆಂಡತಿ ಚಲುವಮ್ಮನಿಗೆ ನಂಬಿಕೆ ಬರಲಿಲ್ಲ. “ಅವ್ರ್ ಪಾಡಿಗ್ ಅವ್ರು ಓಡಾಡೋ ಗಾಡಿ ಎಣ್ಸೋಕೆ ಒಂಬೈನೂರು ಕೊಟ್ಟಾರಾ? ಯಾವನೋ ಕಿಡ್ನಿ ತೆಗ್ಯೋಕೆ ಕರ್ಕೊಂಡ್ ಹೋಗ್ತಾವ್ನೆ, ನೋಡ್ಕೊ” ಅಂದಳಂತೆ. ಅಂದವಳೇ ರೊಟ್ಟಿ ಕಟ್ಟಿಕೊಟ್ಟಳು.

ಹುಚ್ಚಣ್ಣನ ಜೊತೆಗೆ ಹೋದ ಹನ್ನೆರಡು ಜನರೂ ಕಾಲೇಜು ಹುಡುಗರು. ಅವರಿಗೆ ಕಾರು, ಆಟೋ, ಬಸ್ಸು, ಲಾರಿ, ಉಳಿದ ರಸ್ತೆಗಳ ಬೈಕು ಹಂಚಿಕೊಟ್ಟರು. ಅತ್ಯಂತ ಜಾಸ್ತಿ ಬೈಕು ಬರುವ ರಸ್ತೆಯನ್ನು ಹುಚ್ಚಣ್ಣನಿಗೆ ಬಿಟ್ಟರು. ಗಂಟೆಗೆ ಒಂದು ಹಾಳೆ. ಗಂಟೆ ಮುಗಿದ ಕೂಡಲೇ ಮೊತ್ತ ಬರೆದು ಹೊಸ ಹಾಳೆ ಎತ್ತಿಕೊಳ್ಳಬೇಕು. ಹುಡುಗರು ಮೊಬೈಲಿನಲ್ಲಿ ಒತ್ತಿ ಒತ್ತಿ ಎಣಿಸಿದರು. ಇವನು ತನ್ನ ರೀತಿಯಲ್ಲೇ ಎಣಿಸಿದ. ನಾಲ್ಕು ಬೈಕಿಗೆ ಒಂದು ಗೀಟು, ಇಪ್ಪತ್ತೈದು ಗೀಟಿಗೆ ಒಂದು ಸುತ್ತು.

ಎಂಟು ಗಂಟೆ ಕಣ್ಣು ಕದಲಿಸುವಂತಿಲ್ಲ. ಉಚ್ಚೆಗೆ ಎದ್ದರೆ ಇನ್ನೂರು ಬೈಕು ದಾಟಿರುತ್ತವೆ ಎಂದು ನೀರು ಕುಡಿಯುವುದನ್ನೇ ಬಿಟ್ಟ. ಮೊದಲ ದಿನ ಒಬ್ಬ ಪೊಲೀಸಿನವನು ಭಿಕ್ಷುಕನೆಂದು ತಿಳಿದು ಲಾಠಿಯಲ್ಲಿ ತಿವಿದು ಏಳಿಸಲು ನೋಡಿದ. ಮೂರನೇ ದಿನ ಕಾರಿನಿಂದ ಇಳಿದ ಒಬ್ಬ ಹೆಂಗಸು ಅವನ ಮಡಿಲಿಗೆ ಹತ್ತು ರೂಪಾಯಿ ಹಾಕಿ ಹೋದಳು.

“ವಾಪಸ್ ಕೊಡ್ಬೇಕಿತ್ತಲ್ಲಯ್ಯ” ಅಂದೆ, ಇದನ್ನು ಕೇಳಿದಾಗ.

“ಎದ್ರೆ ಲೆಕ್ಕ ಹೋಗ್ತದಲ್ಲಾ. ಕೂತಿದ್ದೆ.”

ಬೆಂಗಳೂರು ಅವನಿಗೆ ಕೊಟ್ಟ ನಗದು ಆ ಹತ್ತು ರೂಪಾಯಿ ಮಾತ್ರ.

ಇನ್ನೊಂದು ವಿಷಯ ಅವನಿಗೆ ಅರ್ಥವಾಗಿರಲಿಲ್ಲ. ಬೈಕಿಗಿಂತ ಮೊದಲು ಅವನ ಕಣ್ಣಿಗೆ ಬಿದ್ದದ್ದು ನಡೆಯುವ ಜನ. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ನೂರಾರು ಜನ ಒಬ್ಬರ ಕೈ ಒಬ್ಬರು ಹಿಡಿದು, ಗಾಡಿಗಳ ಸಂದಿಯಲ್ಲಿ ನುಸುಳಿ ದಾಟುತ್ತಿದ್ದರು. ಧರ್ಮೇಶನನ್ನು ಕೇಳಿದ: “ನಡ್ಯೋರ್ನ ಎಲ್ಲಿ ಬರೀಲಿ?”

“ಅದಕ್ಕೆ ಕಾಲಮ್ಮಿಲ್ಲ ಕಣಣ್ಣ.”

“ಅವ್ರೂ ರಸ್ತೆ ಮ್ಯಾಲೇ ಅವ್ರಲ್ಲಾ?”

“ನಿಂಗ್ಯಾಕೆ? ಬೈಕ್ ಎಣ್ಸು.”

ಹನ್ನೊಂದನೇ ದಿನ ಧರ್ಮೇಶ ಬಂದು ಹಾಳೆ ಕಿತ್ತುಕೊಂಡ. ಆ ನಾಲ್ಕು ರಸ್ತೆಯ ಕಂಬದ ಮೇಲೆ ಕ್ಯಾಮೆರಾ ಇತ್ತು. ಅದರ ಬಾಡಿಗೆ ದುಬಾರಿ, ದಿನಕ್ಕೆ ಎರಡೇ ಗಂಟೆ ಓಡಿಸಿ ಆ ಗಂಟೆಗಳ ಲೆಕ್ಕವನ್ನು ಕ್ಯಾಮೆರಾದ ಲೆಕ್ಕದೊಂದಿಗೆ ಹೋಲಿಸಿ ನೋಡುತ್ತಿದ್ದರು. ನೂರಕ್ಕೆ ಮೂರರಷ್ಟು ವ್ಯತ್ಯಾಸ ಇದ್ದರೆ ಮಾಫಿ. ಹುಚ್ಚಣ್ಣನದು ಪ್ರತಿ ಸಲವೂ ಮೂರು ದಾಟಿತ್ತು. ಹುಡುಗರು ಹನ್ನೆರಡು ಜನವೂ ಪಾಸು, ಇವನೊಬ್ಬ ಫೇಲು. ಅರಸೀಕೆರೆಯ ಬಸ್ಸು ಹತ್ತಿಸಿದರು, ಟಿಕೆಟ್ಟು ಅವನದೇ ಜೇಬಿನಿಂದ.

ಒಂದು ವಾರಕ್ಕೆ ಕಂಪನಿಯಿಂದ ಕಾಗದ ಬಂತು. ‘ನನ್ನ ಎಣಿಕೆ ತಪ್ಪಾಗಿದ್ದು, ಇದಕ್ಕೆ ನಾನೇ ಹೊಣೆ’ ಎಂದು ಸಹಿ ಹಾಕಿದರೆ ಅರ್ಧ ಕೂಲಿ ಕೊಡುತ್ತಾರಂತೆ. ಕೆಳಗೆ ಪಟ್ಟಿ: ಒಂದು ಕಡೆ ಹುಚ್ಚಣ್ಣನ ಲೆಕ್ಕ, ಎದುರಿಗೆ ಕ್ಯಾಮೆರಾದ ಲೆಕ್ಕ.

“ಹಾಕಿ ದುಡ್ ಇಸ್ಕೊ” ಅಂದಳು ಚಲುವಮ್ಮ. “ಐದ್ ಸಾವ್ರ ಯಾರಪ್ಪಂದು?”

“ತಪ್ಪೀನಿ ಅಂತ ಬರ್ಕೊಟ್ರೆ ನಾಳೆ ಜಾನಕಮ್ಮ ಕರೀತಾಳೇನೇ?”

“ಅವ್ಳಿಗ್ಯಾರ್ ಯೋಳ್ತಾರೆ?”

“ಧರ್ಮೇಶ ಬಾಯ್ ಬಿಗಿ ಹಿಡ್ಕೊಂಡ್ ಇರೋನಾ?”

ಅವನು ಕಾಗದ ಹಿಡಿದು ನನ್ನನ್ನು ಹುಡುಕಿಕೊಂಡು ಬೇಲೂರಿಗೆ ಬಂದ. ಸಿಟ್ಟಿನಲ್ಲಿದ್ದ. “ಮಿಷಿನ್ ಸುಳ್ಳು. ಮೂವತ್ ವರ್ಸ ಒಂದ್ ಕಾಯಿ ಎಚ್ಚುಕಮ್ಮಿ ಮಾಡಿಲ್ಲ ನಾನು.”

ಪಟ್ಟಿ ನೋಡಿದೆ. ಇವನು 960, ಕ್ಯಾಮೆರಾ 996. ಇವನು 1,145, ಕ್ಯಾಮೆರಾ 1,189. ಇವನು 1,830, ಕ್ಯಾಮೆರಾ 1,902. ಯಾವಾಗಲೂ ಕಮ್ಮಿಯೇ, ಒಮ್ಮೆಯೂ ಜಾಸ್ತಿಯಿಲ್ಲ. ತಪ್ಪು ಮಾಡುವವನು ಎರಡೂ ಕಡೆ ತಪ್ಪುತ್ತಾನೆ. ಒಂದೇ ಕಡೆ ಇಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದರೆ ಅದಕ್ಕೊಂದು ಕಾರಣ ಇರಬೇಕು.

“ಎಂಗ್ ಎಣ್ಸಿದೆ, ತೋರ್ಸು” ಅಂದೆ.

ಬಸ್‌ಸ್ಟ್ಯಾಂಡಿನ ಎದುರು ಮೋರಿಯ ಕಟ್ಟೆ ಮೇಲೆ ಕೂತೆವು. ಸಂಜೆ ಐದರ ಹೊತ್ತು. ದೇವಸ್ಥಾನದ ಕಡೆಯಿಂದ ಬರುವ ಬೈಕುಗಳನ್ನು ಅವನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕುತ್ತಾ ಎಣಿಸಿದ. ನಾನು ಪಕ್ಕದಲ್ಲಿ ಬೆರಳು ಮಡಿಸುತ್ತಾ ಬೇರೆ ಎಣಿಸಿದೆ. ಇಪ್ಪತ್ತು ನಿಮಿಷಕ್ಕೆ ನೂರಾಯಿತು. ಇಬ್ಬರದೂ ನೂರು. ಅವನು ಸುತ್ತು ಹಾಕಿದ. ಮುಂದಿನ ಬೈಕು ಬಂತು. ಮತ್ತೊಂದು ಬಂತು. ಗಂಡ ಹೆಂಡತಿ ಇಬ್ಬರು ಮಕ್ಕಳ ಒಂದು ಸ್ಕೂಟರು ಬಂತು, ಹಾಲಿನ ಕ್ಯಾನಿನ ಒಂದು ಬೈಕು ಬಂತು. ನಾಲ್ಕು ದಾಟಿದವು, ಗೀಟು ಬೀಳಲಿಲ್ಲ. ಅವನ ತುಟಿ ಅಲ್ಲಾಡಿತು. ಐದನೆಯದಕ್ಕೆ ಮತ್ತೆ ಒಂದರಿಂದ ಶುರು ಮಾಡಿದ.

“ನಿಲ್ಸು. ಈಗ ಏನಂದೆ?”

“ಎಲ್ಲಿ? ಏನೂ ಅಂದಿಲ್ವಲ್ಲ.”

“ನೂರಾದ್ ಮ್ಯಾಲೆ ತುಟಿ ಅಲ್ಲಾಡ್ತು. ಏನಂದೆ?”

ಅವನು ಯೋಚಿಸಿದ. ಆಮೇಲೆ ಪೆನ್ನು ಕೆಳಗಿಟ್ಟ.

“ಕೊಸರು.”

“ಯಾರಿಗ್ಲಾ ಕೊಸರು?”

ಎದುರಿಗೆ ಹಗರೆ ಕಡೆಯ ಬಸ್ಸು ಬಂದು ನಿಂತು ಜನ ಇಳಿಸಿ ಹೋಯಿತು.

ತೊಂಬತ್ತರ ದಶಕದಲ್ಲಿ ಇದೇ ಹುಚ್ಚಣ್ಣ ನಮ್ಮ ಜೊತೆ ಅರಸೀಕೆರೆ ಬೀದಿಯಲ್ಲಿ ಕೊಸರಿನ ವಿರುದ್ಧ ಘೋಷಣೆ ಕೂಗಿದ್ದ. ಗಂಟಲು ಕಟ್ಟುವ ಹಾಗೆ ಕೂಗಿದ್ದ. ಮಾರನೇ ದಿನ ರಾಶಿಯ ಮುಂದೆ ಕೂತು ಕೊಸರು ಎಸೆದ. ಎಸೆಯದಿದ್ದರೆ ವ್ಯಾಪಾರಿ ಇನ್ನೊಬ್ಬನನ್ನು ಕರೆಯುತ್ತಿದ್ದ. ನಾವು ಭಾಷಣ ಮುಗಿಸಿ ಮನೆಗೆ ಹೋದೆವು. ಕೊಸರು ಅವನ ಕೈಯೊಳಗೆ ಇಳಿದು ಕೂತಿತು. ಬೆಂಗಳೂರಿನಲ್ಲಿ ಕಾಯಿಯೂ ಇಲ್ಲ, ಸಾಹುಕಾರನೂ ಇಲ್ಲ. ಆದರೂ ನೂರು ಬೈಕಿಗೆ ನಾಲ್ಕು ಬೈಕನ್ನು ಈ ಮನುಷ್ಯ ಯಾರಿಗೋ ಬಿಟ್ಟಿ ಕೊಟ್ಟುಬಿಟ್ಟಿದ್ದ. ನಾವು ಗೆದ್ದೆವು ಅಂದುಕೊಂಡಿರುವ ಹೋರಾಟಗಳ ಗತಿ ಇದು.

ಲೆಕ್ಕ ಹಾಕಿದೆ. 960ರಲ್ಲಿ ಒಂಬತ್ತು ನೂರು, ಒಂಬತ್ತು ಕೊಸರು, ಮೂವತ್ತಾರು. ಸೇರಿಸಿದರೆ 996. 1,145ಕ್ಕೆ ನಲವತ್ತನಾಲ್ಕು ಸೇರಿಸಿದರೆ 1,189. 1,830ಕ್ಕೆ ಎಪ್ಪತ್ತೆರಡು, 1,902. ಕ್ಯಾಮೆರಾ ಹೇಳಿದ್ದೂ ಅದೇ. ಹೊಗೆಯಲ್ಲಿ ಕೂತು, ನೀರು ಕುಡಿಯದೆ, ಹನ್ನೊಂದು ದಿನ ಒಂದು ಬೈಕೂ ಅವನ ಕಣ್ಣು ತಪ್ಪಿರಲಿಲ್ಲ.

ಇಬ್ಬರೂ ಬೆಂಗಳೂರಿಗೆ ಹೋದೆವು. ಕಂಪನಿಯಲ್ಲಿ ಲೆಕ್ಕ ನೋಡುವ ಎಂಜಿನಿಯರ್ ಸಿದ್ಧಾರ್ಥ, ಹಗರೆ ಕಡೆಯವನು. ಅವನ ಅಪ್ಪ ನಮ್ಮ ಸಂಘಟನೆಯಲ್ಲಿದ್ದ. ಮನೆಯಲ್ಲಿ ಬುದ್ಧನ ಪಟ ಹಾಕಿ ಮಗನಿಗೆ ಈ ಹೆಸರಿಟ್ಟ ದಿನ ನಾನೂ ಅಲ್ಲಿ ಊಟ ಮಾಡಿದ್ದೆ. ಹುಡುಗ ಎದ್ದು ನಿಂತು ಕೈ ಮುಗಿದ, ಕಾಫಿ ತರಿಸಿದ. ಕಂಪ್ಯೂಟರಿನಲ್ಲಿ ಹುಚ್ಚಣ್ಣನ ತಪಾಸಣೆಯಾದ ಎಲ್ಲಾ ಗಂಟೆಗೂ ಕೊಸರು ಸೇರಿಸಿ ಹೋಲಿಸಿ ನೋಡಿದ. ಇಪ್ಪತ್ತೆರಡು ಗಂಟೆಯಲ್ಲಿ ಇಪ್ಪತ್ತೊಂದು ತಾಳೆಯಾಯಿತು. ಒಂದು ಗಂಟೆಯಲ್ಲಿ ಮಾತ್ರ ಕ್ಯಾಮೆರಾದ್ದು ಒಂದು ಜಾಸ್ತಿ.

ಆ ಗಂಟೆಯ ವಿಡಿಯೋ ತೆಗೆದ. ನಿಧಾನವಾಗಿ ಓಡಿಸಿದ. ಲಗೇಜು ಆಟೋ ಒಂದರ ಮೇಲೆ ಕೆಟ್ಟ ಸ್ಕೂಟರನ್ನು ಹಗ್ಗ ಕಟ್ಟಿ ಮಲಗಿಸಿಕೊಂಡು ಹೋಗುತ್ತಿದ್ದರು. ಕ್ಯಾಮೆರಾ ಅದನ್ನೂ ಎಣಿಸಿತ್ತು.

“ಮಲ್ಗಿರೋ ಗಾಡಿನೂ ಓಡೋ ಗಾಡಿನಾ ಸ್ವಾಮಿ?” ಅಂದ ಹುಚ್ಚಣ್ಣ.

ಸಿದ್ಧಾರ್ಥ ನಕ್ಕ. ಆಮೇಲೆ ನಗು ನಿಲ್ಲಿಸಿದ. “ಅಂಕಲ್, ಇವ್ರಷ್ಟು ಕರೆಕ್ಟಾಗಿ ಯಾರೂ ಎಣ್ಸಿಲ್ಲ. ಆದ್ರೆ ನಾನೇನೂ ಮಾಡಕ್ಕಾಗಲ್ಲ.”

“ಯಾಕಪ್ಪ?”

“ಬರೆದ ಅಂಕಿಗೆ ಆಮೇಲೆ ಸೇರ್ಸಿದ್ರೆ ಡೇಟಾ ತಿದ್ದಿದ ಹಾಗೆ. ನನ್ ಕೆಲ್ಸ ಹೋಗುತ್ತೆ.”

“ಉಳಿದ ಹುಡುಗ್ರದ್ದು ತೋರ್ಸು.”

ಹಿಂದೆಮುಂದೆ ನೋಡಿದ. ಅಪ್ಪನ ಮುಖ ನೆನಪಾಯಿತೋ ಏನೋ, ತೋರಿಸಿದ. ಕ್ಯಾಮೆರಾದೊಂದಿಗೆ ಹೋಲಿಸಿದ ಗಂಟೆಗಳಲ್ಲಿ ಅಂಕಿ ಸರಿಯಾಗಿದ್ದವು. ಉಳಿದ ಗಂಟೆಗಳಲ್ಲಿ 450, 500, 525, 480, ಮತ್ತೆ 500. ಬೆಂಗಳೂರಿನ ಕಾರುಗಳು ಹತ್ತರ ಲೆಕ್ಕದಲ್ಲಿ, ಐದರ ಲೆಕ್ಕದಲ್ಲಿ ಗುಂಪು ಕಟ್ಟಿಕೊಂಡು ಬರುತ್ತವೆ ನೋಡಿ! ಯಾವ ಎರಡು ಗಂಟೆ ತಪಾಸಣೆ ಎನ್ನುವುದನ್ನು ಧರ್ಮೇಶ ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ಹುಡುಗರಿಗೆ ಹಾಕುತ್ತಿದ್ದನಂತೆ, ಆಮೇಲೆ ಆ ಹುಡುಗರಲ್ಲೇ ಒಬ್ಬ ಹೇಳಿದ. ಅವರು ಆ ಎರಡು ಗಂಟೆ ಎಣಿಸಿ ಉಳಿದದ್ದನ್ನು ಟೀ ಅಂಗಡಿಯಲ್ಲಿ ತುಂಬುತ್ತಿದ್ದರು. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಎಂಟು ಗಂಟೆ ಉಚ್ಚೆ ಕಟ್ಟಿಕೊಂಡು ಕೂರಲು ಅವರಿಗೇನು ಹುಚ್ಚೇ? ಹುಚ್ಚಣ್ಣನದು ಬಟನ್ ಫೋನು. ಅವನಿಗೆ ಸುದ್ದಿ ಮುಟ್ಟಲಿಲ್ಲ. ಮುಟ್ಟಿದ್ದರೂ ಎಣಿಸುತ್ತಿದ್ದ ಎನ್ನಿ.

“ಇವ್ನ ಹಾಳೆ ಬಿಸಾಕಿದ್ರಲ್ಲ, ಆ ರಸ್ತೆಗೆ ಏನ್ ತುಂಬಿದ್ರಿ?”

“ಪಕ್ಕದ್ ರೋಡಿನ ನಂಬರನ್ನೇ ಹಾಕಿದ್ವಿ.”

“ಪಕ್ಕದ್ ರೋಡ್ ಎಣ್ಸಿದ್ದು ಯಾರು?”

ಸಿದ್ಧಾರ್ಥ ಪರದೆಯ ಮೇಲೆ ಅದೇ ಹುಡುಗರ ಹಾಳೆಯನ್ನು ತೋರಿಸಿದ. ಕಾಫಿ ಆರಿತ್ತು. ಅದೇ ಸುಳ್ಳು ಅಂಕಿ ನಂಬಿ ಸಿಗ್ನಲ್ಲಿನ ಸೆಕೆಂಡು ಕೂರಿಸಿ ಆಗಿದೆಯಂತೆ. ಈಗ ಹುಚ್ಚಣ್ಣ ಕೂತಿದ್ದ ರಸ್ತೆಯಲ್ಲಿ ಬೈಕುಗಳು ಪೆಟ್ರೋಲ್ ಬಂಕಿನವರೆಗೆ ಸಾಲುಗಟ್ಟಿ ನಿಲ್ಲುತ್ತವಂತೆ. ಪಕ್ಕದ ರಸ್ತೆಗೆ ಗಾಡಿಯೇ ಇಲ್ಲದೆ ಹಸಿರು ದೀಪ ಉರಿಯುತ್ತದಂತೆ. ಹಾಗಾಗಿ ಅಲ್ಲಿಗೆ ಮೇಲುಸೇತುವೆ ಬೇಕು ಎಂದು ಇನ್ನೊಂದು ಕಡತ ಎದ್ದಿದೆ. ಅದಕ್ಕೂ ಒಂದು ಎಣಿಕೆ, ಅದಕ್ಕೂ ಒಂದು ಗುತ್ತಿಗೆ.

ಎಣಿಸಿದ್ದನ್ನು ಹೇಗೆ ಕೂಡುತ್ತಾರೆ ಎಂದೂ ಸಿದ್ಧಾರ್ಥ ವಿವರಿಸಿದ. ಎಲ್ಲವನ್ನೂ ಕಾರಿನ ಅಳತೆಗೆ ತರುತ್ತಾರೆ. ಬೈಕು ಅಂದರೆ ಅರ್ಧ ಕಾರು. ಬಸ್ಸು ಅಂದರೆ ಮೂರು ಕಾರು. ಎಂಬತ್ತು ಜನ ನೇತಾಡಿಕೊಂಡು ಬಂದ ಬಸ್ಸು, ಒಬ್ಬೊಬ್ಬನೇ ಕೂತು ಬಂದ ಮೂರು ಕಾರಿಗೆ ಸಮ. “ನಡ್ಯೋರು?” ಅಂದ ಹುಚ್ಚಣ್ಣ. ಅವರಿಗೆ ಈ ಲೆಕ್ಕದಲ್ಲಿ ಜಾಗ ಇಲ್ಲವಂತೆ.

ಹುಚ್ಚಣ್ಣ ಆ ಕಾಗದವನ್ನು ಸಹಿ ಹಾಕದೆ ಮೇಜಿನ ಮೇಲಿಟ್ಟ. “ನಾನ್ ತಪ್ಪಿಲ್ಲ ಅಂತ ಒಂದ್ ಸಾಲು ಬರ್ಕೊಡಪ್ಪ. ದುಡ್ ಆಮ್ಯಾಕ್ ನೋಡ್ಕೊಳಾನ.” ಸಿದ್ಧಾರ್ಥ ತಲೆ ತಗ್ಗಿಸಿದ. ಬರೆದುಕೊಡಲಿಲ್ಲ. ಲಿಫ್ಟಿನವರೆಗೆ ಬಂದು ತನ್ನ ಜೇಬಿನಿಂದ ಎರಡು ಸಾವಿರ ಕೊಡಲು ನೋಡಿದ. ಹುಚ್ಚಣ್ಣ ಮುಟ್ಟಲಿಲ್ಲ. ನಮ್ಮವರು ಓದಿ ಕುರ್ಚಿಯಲ್ಲಿ ಕೂತರೆ ಸಾಕು ಎಂದು ನಾವು ಎಷ್ಟು ವರ್ಷ ಹೇಳಿದೆವು! ಕೂತಿದ್ದಾರೆ. ಕಾಫಿ ಕೊಡುತ್ತಾರೆ.

ಧರ್ಮೇಶ ಬಾಯಿ ಬಿಗಿ ಹಿಡಿಯಲಿಲ್ಲ. ಮುಂದಿನ ಕೊಯ್ಲಿಗೆ ಜಾನಕಮ್ಮನ ತೋಟಕ್ಕೆ ತಕ್ಕಡಿ ಬಂತು. ಹುಚ್ಚಣ್ಣ ಹೋಗಿ ಕೇಳಿದ.

“ಏನಮ್ಮಾ, ಕರೀಲಿಲ್ಲ?”

“ಬೆಂಗ್ಳೂರ್ನಾಗೆ ಲೆಕ್ಕ ತಪ್ಪಿ ಓಡ್ಸಿದ್ರಂತಲ್ಲಯ್ಯ?”

“ತಪ್ಪಿಲ್ಲ ಕಣಮ್ಮ. ಕೊಸರು ಬಿಟ್ಟಿದ್ದೆ.”

“ಬೈಕಿಗ್ ಯಾವನಾರ ಕೊಸರು ಬಿಡ್ತಾನೇನಯ್ಯ?” ಎಂದು ಆಕೆ ನಕ್ಕಳಂತೆ. ವ್ಯಾಪಾರಿಯೂ ನಕ್ಕ, ಮರ ಹತ್ತುವವರೂ ನಕ್ಕರು. “ವಯಸ್ಸಾಯ್ತು ಬಿಡು, ಚೀಲ ಎತ್ ಹಾಕು, ಕೂಲಿ ಕೊಡ್ತೀನಿ” ಅಂದಳು. ಅವನು ಎತ್ತಿ ಹಾಕಿದ. ಈಗಲೂ ಅದೇ ಮಾಡುತ್ತಿದ್ದಾನೆ. ಐವತ್ತು ಕಿಲೋದ ಚೀಲ ಎತ್ತಿ ತಕ್ಕಡಿಗೆ ಇಡುವುದು, ಇಳಿಸುವುದು. ಸೊಂಟ ಹಿಡಿದುಕೊಂಡಿದೆ. ಎಣಿಸಲು ಅವನನ್ನು ಯಾರೂ ಕರೆಯುವುದಿಲ್ಲ.

ಅವನಿಗೆ ನಾನು ಹೇಳಬಹುದಾದ ಸಮಾಧಾನ ಯಾವುದೂ ಇಲ್ಲ, ಹೇಳಿಯೂ ಇಲ್ಲ. ಅವನು ಸರಿಯಾಗಿ ಎಣಿಸಿದ ಎನ್ನುವುದಕ್ಕೆ ಸಾಕ್ಷಿ ಇರುವುದು ಒಂದೇ ಕಡೆ, ಕಂಪನಿಯ ಕಡತದಲ್ಲಿರುವ ಅವನ ಹಾಳೆ, ಕ್ಯಾಮೆರಾದ ಲೆಕ್ಕ, ಉಳಿದವರು ಎಣಿಸದೆ ತುಂಬಿದ ಹಾಳೆಗಳಲ್ಲಿ. ಆ ಹಾಳೆಗಳಿಗೆ ನಾನು ಮಾಹಿತಿ ಹಕ್ಕಿನಲ್ಲಿ ಎರಡು ಸಲ ಅರ್ಜಿ ಹಾಕಿದೆ. ನೀವು ಹಾಸನ ಜಿಲ್ಲೆಯವರು, ಬೆಂಗಳೂರಿನ ಸಿಗ್ನಲ್ಲು ನಿಮಗೇಕೆ ಎಂದು ಮಾತಲ್ಲಿ ಹೇಳಿ ಸಾಗಹಾಕಿದರು. ಬರಹದಲ್ಲಿ ಉತ್ತರವೇ ಇಲ್ಲ.

ಆದ್ದರಿಂದ ಈ ಮಾತು ಬೆಂಗಳೂರಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ. ದಿನಾ ಸಂಜೆ ನೀವು ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು ಹಳ್ಳಿಯಿಂದ ಬಂದವರನ್ನು, ಆಟೋದವರನ್ನು, ಧರಣಿ ಮಾಡುವವರನ್ನು ಬೈಯುತ್ತೀರಿ. ಬೈದದ್ದು ಸಾಕು. ಹತ್ತು ರೂಪಾಯಿ ಖರ್ಚು ಮಾಡಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಿಮ್ಮ ಸಿಗ್ನಲ್ಲಿನ ಸೆಕೆಂಡು ಯಾವ ಎಣಿಕೆಯ ಮೇಲೆ ನಿಂತಿದೆಯೋ ಆ ಮೂಲ ಹಾಳೆಗಳನ್ನು, ಗಂಟೆಗೊಂದರಂತೆ, ಎಣಿಸಿದವರ ಹೆಸರು ಸಮೇತ ಕೇಳಿ. ಅಂಕಿಗಳು ಎಲ್ಲಾ ಸೊನ್ನೆಗೆ, ಐದಕ್ಕೆ ಮುಗಿದಿದ್ದರೆ ಕಚೇರಿಗೆ ಹೋಗಿ ಮೇಜಿನ ಮೇಲೆ ಹರಡಿ. ನಿಮ್ಮ ಊರು ಅದು, ನಿಮ್ಮನ್ನು ಹೊರಗಿನವರು ಎನ್ನುವಂತಿಲ್ಲ. ಅರ್ಜಿ ಯಾವತ್ತು ಹಾಕುತ್ತೀರಿ, ತಾರೀಕು ಹೇಳಿ.